ಪುಟ ಸಿಕ್ಕಿತು, ಮೂಲ ಮಾಹಿತಿ ಎಲ್ಲಿ?

ಎಕ್ಸ್‌ಎಂಎಲ್ ಕಡತವನ್ನು ಬ್ರೌಸರ್ ಸ್ಟೈಲ್‌ಶೀಟಿನ ನೆರವಿನಿಂದ ವೆಬ್ ಪುಟವಾಗಿ ತೋರಿಸುತ್ತದೆ. ಆದರೆ ಆ ಪುಟದ ಜಾವಾಸ್ಕ್ರಿಪ್ಟ್‌ಗೆ ಮೂಲ ಎಕ್ಸ್‌ಎಂಎಲ್ ಮಾಹಿತಿ ಸಿಗುವುದಿಲ್ಲವೇಕೆ?

ಬ್ರೌಸರ್ ಮೊದಲು ಎಕ್ಸ್‌ಎಂಎಲ್ ಕಡತವನ್ನು ಓದುತ್ತದೆ. ಕಡತದ ಆರಂಭದಲ್ಲಿ ಸೂಚಿಸಿದ ಸ್ಟೈಲ್‌ಶೀಟನ್ನು ತರಿಸಿಕೊಂಡು, 1999ರಲ್ಲಿ ರೂಪುಗೊಂಡ ಎಕ್ಸ್‌ಎಸ್‌ಎಲ್‌ಟಿ ಭಾಷೆಯ ನಿಯಮಗಳಂತೆ ಬೇರೆಯದೇ ಎಚ್‌ಟಿಎಂಎಲ್ ಪುಟವನ್ನು ಕಟ್ಟುತ್ತದೆ. ಜಾವಾಸ್ಕ್ರಿಪ್ಟ್ ಓಡುವುದು ಈ ಹೊಸ ಪುಟದೊಳಗೆ. ಅದರ ಪಾಲಿಗೆ ‘ಡಾಕ್ಯುಮೆಂಟ್’ ಎಂದರೆ ಈ ಪುಟವೇ. ತಟ್ಟೆಗೆ ಬಂದ ದೋಸೆಯಲ್ಲಿ ಅಕ್ಕಿ ಕಾಳು ಹುಡುಕಿದರೆ ಸಿಕ್ಕೀತೇ? ಅಕ್ಕಿಯೇ ಬೇಕೆಂದರೆ ಡಬ್ಬಕ್ಕೆ ಕೈಹಾಕಬೇಕು.

ಮೂಲ ಮಾಹಿತಿ ಪಡೆಯಲು ಮೂರು ದಾರಿಗಳಿವೆ. ಒಂದು, ‘ಫೆಚ್’ ಬಳಸಿ ಅದೇ ವಿಳಾಸದಿಂದ ಕಡತವನ್ನು ಮತ್ತೆ ತರಿಸಿ, ‘ಡಾಮ್‌ಪಾರ್ಸರ್’ ಮೂಲಕ ಓದುವುದು. ಎರಡು, ಬೇಕಾದ ಮಾಹಿತಿಯನ್ನು ಸ್ಟೈಲ್‌ಶೀಟೇ ಎಚ್‌ಟಿಎಂಎಲ್ ಟ್ಯಾಗ್‌ಗಳ ‘ಡೇಟಾ’ ಗುಣಲಕ್ಷಣಗಳಲ್ಲಿ ಬರೆದಿಡುವಂತೆ ಮಾಡುವುದು. ಕೆಲವೇ ಅಂಶಗಳು ಸಾಕಾದಾಗ ಇದೇ ಸುಲಭ. ಮೂರು, ಎಚ್‌ಟಿಎಂಎಲ್ ಪುಟದಿಂದಲೇ ಶುರುಮಾಡಿ, ‘ಎಕ್ಸ್‌ಎಸ್‌ಎಲ್‌ಟಿ ಪ್ರೊಸೆಸರ್’ ಎಂಬ ಸೌಲಭ್ಯದಿಂದ ಜಾವಾಸ್ಕ್ರಿಪ್ಟೇ ಪರಿವರ್ತನೆ ನಡೆಸುವುದು. ಆಗ ಮೂಲ ಮಾಹಿತಿ, ಸಿದ್ಧ ಪುಟ ಎರಡೂ ಅದರ ಕೈಯಲ್ಲೇ ಇರುತ್ತವೆ.