ಮರವೆಂದರೇನು, ಮೀನೆಂದರೇನು: ಕಾಯಿದೆಯ ವ್ಯಾಖ್ಯೆಗಳ ವಿಚಾರ

ಹೊಲದ ಬದುವಿನ ಮೇಲೆ ಬೆಳೆದು ನಿಂತಿರುವುದು ಮರವೋ ಹುಲ್ಲೋ ಎಂಬುದನ್ನು ತಿಳಿಯಲು ಒಕ್ಕಲಿಗನಿಗೆ ಯಾವ ಗ್ರಂಥವೂ ಬೇಕಾಗಿಲ್ಲ. ಆದರೆ ಅದನ್ನು ಕಡಿದು, ಗಾಡಿಗೆ ಹೇರಿ, ಪೇಟೆಗೆ ಸಾಗಿಸಹೊರಟಾಗ ರೂಢಿಯ ಮಾತು ಸಾಲದು; ಕಾಯಿದೆಯ ಮಾತೇ ಪ್ರಮಾಣವಾಗುವುದು. ಪ್ರತಿಯೊಂದು ಕಾಯಿದೆಯ ಆರಂಭದಲ್ಲಿಯೂ ಪದಗಳ ಅರ್ಥವನ್ನು ಗೊತ್ತುಮಾಡುವ ಕಲಮೊಂದು ಇರುವುದುಂಟು. ಅನೇಕರು ಇದನ್ನು ಬಿಟ್ಟು ನೇರವಾಗಿ ಶಿಕ್ಷೆಯ ಕಲಮುಗಳನ್ನೇ ನೋಡುತ್ತಾರೆ. ವಾಸ್ತವವಾಗಿ ಸರಕಿಗೆ ರಹದಾರಿ ಬೇಕೇ ಬೇಡವೇ, ಸಾಗಿಸಿದವನು ವರ್ತಕನೋ ಅಪರಾಧಿಯೋ ಎಂಬುದಕ್ಕೆಲ್ಲ ಬುನಾದಿಯು ಈ ವ್ಯಾಖ್ಯೆಯ ಕಲಮಿನಲ್ಲಿಯೇ ಇರುವುದು. ಆದಕಾರಣ ಗ್ರಾಮದ ಮುಖಂಡರೂ ಜಮೀನುದಾರರೂ ಇದರ ಕ್ರಮವನ್ನು ಅರಿತಿರುವುದು ಹಿತಕರವಾಗಿದೆ.

ಇದಕ್ಕೆ ಬಿದಿರೇ ಉತ್ತಮ ನಿದರ್ಶನ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲಿನ ಜಾತಿಗೆ ಸೇರಿದುದು. ಆದರೆ 1927ರ ಭಾರತೀಯ ಅರಣ್ಯ ಕಾಯಿದೆಯ 2ನೆಯ ಕಲಮು, ‘ಮರ’ ಎಂಬ ಶಬ್ದದಲ್ಲಿ ತಾಳೆಯ ಜಾತಿ, ಬಿದಿರು, ಬುಡದ ಕೊರಡು, ಕುರುಚಲು ಮತ್ತು ಬೆತ್ತ ಇವೆಲ್ಲವೂ ಅಡಕವಾಗಿರುವುವೆಂದು ವಿಧಿಸಿತು. ಅದೇ ಕಾಯಿದೆಯಂತೆ ಕಡಿದ ಅಥವಾ ಬಿದ್ದ ಮರವು ‘ಮರಮುಟ್ಟು’ ಎನಿಸಿಕೊಳ್ಳುವುದು. ಮರಮುಟ್ಟು ಎಲ್ಲಿಂದಲೇ ಬಂದಿರಲಿ, ‘ಅರಣ್ಯೋತ್ಪನ್ನ’ವೇ ಆಗುವುದು. ಹೀಗೆ ಮೂರು ವ್ಯಾಖ್ಯೆಗಳು ಒಂದಕ್ಕೊಂದು ಕೂಡಿಕೊಂಡದ್ದರಿಂದ, ರೈತನು ಸ್ವಂತ ಹಿಡುವಳಿಯಲ್ಲಿ ನೆಟ್ಟು ಬೆಳೆಸಿದ ಬಿದಿರು ಸಹ ಕಡಿದೊಡನೆಯೇ ಅರಣ್ಯದ ಸರಕಾಗಿ, ಸಾಗಾಟದ ಕಟ್ಟುಪಾಡುಗಳಿಗೆ ಒಳಪಟ್ಟಿತು. ಬೆಳೆಯು ಕೈಗೆ ಬಂದರೂ ಮಾರುವುದು ತೊಡಕಾದಲ್ಲಿ ಅದನ್ನು ನೆಡುವವರು ಕಡಿಮೆಯಾಗುವುದು ಸಹಜ.

2006ರ ಅರಣ್ಯ ಹಕ್ಕುಗಳ ಕಾಯಿದೆಯು ಇದೇ ಬಿದಿರನ್ನು ಜೇನು, ಮೇಣ, ಅರಗುಗಳ ಸಾಲಿನಲ್ಲಿಟ್ಟು ಕಿರು ಅರಣ್ಯೋತ್ಪನ್ನವೆಂದು ಕರೆಯಿತು. ಆ ಮೇಲೆ ಹನ್ನೊಂದು ವರ್ಷಗಳ ಕಾಲ ಬಿದಿರು ಒಂದು ಕಾಯಿದೆಯಲ್ಲಿ ಮರವಾಗಿಯೂ ಮತ್ತೊಂದರಲ್ಲಿ ಕಿರು ಉತ್ಪನ್ನವಾಗಿಯೂ ಇದ್ದಿತು. ಕಡೆಗೆ 2017ರ ನವೆಂಬರಿನಲ್ಲಿ ಸುಗ್ರೀವಾಜ್ಞೆಯ ಮೂಲಕ, ಅನಂತರ ತಿದ್ದುಪಡಿ ಕಾಯಿದೆಯ ಮೂಲಕ, ಮರದ ವ್ಯಾಖ್ಯೆಯಿಂದ ‘ಬಿದಿರು’ ಎಂಬ ಒಂದು ಪದವನ್ನು ತೆಗೆದುಹಾಕಲಾಯಿತು. ಅರಣ್ಯದೊಳಗಿನ ಬಿದಿರು ಮೊದಲಿನಂತೆಯೇ ಉಳಿಯಿತು. ಹೊರಗೆ ಬೆಳೆದದ್ದಕ್ಕೆ ಆ ಕಾಯಿದೆಯಿಂದ ಬಿಡುಗಡೆ ದೊರೆಯಿತು. ಆದರೆ ಕರ್ನಾಟಕಕ್ಕೆ 1963ರ ಪ್ರತ್ಯೇಕ ಅರಣ್ಯ ಕಾಯಿದೆಯುಂಟು. ಕೇಂದ್ರದ ಕಾಯಿದೆಯಲ್ಲಿ ಪದವೊಂದನ್ನು ತೆಗೆದ ಮಾತ್ರಕ್ಕೆ ರಾಜ್ಯದ ಕಾಯಿದೆಯಲ್ಲಿನ ಪದಗಳು ತಾವಾಗಿಯೇ ಬದಲಾಗುವುದಿಲ್ಲವೆಂಬುದನ್ನು ನೆನಪಿಡತಕ್ಕದ್ದು.

ಎರಡನೆಯದಾಗಿ, ವಸ್ತುವು ಸಿಕ್ಕಿದ ಸ್ಥಳವನ್ನು ನೋಡಬೇಕು. 1927ರ ಕಾಯಿದೆಯು ಅರಣ್ಯೋತ್ಪನ್ನಗಳನ್ನು ಎರಡು ಪಟ್ಟಿಗಳಾಗಿ ವಿಂಗಡಿಸಿದೆ. ಮರಮುಟ್ಟು, ಇದ್ದಿಲು, ಕಾಚು, ಮರದ ಎಣ್ಣೆ, ರಾಳ, ತೊಗಟೆ, ಅರಗು, ಹಿಪ್ಪೆಯ ಹೂವು ಮತ್ತು ಬೀಜ, ಅಳಲೆಕಾಯಿ ಮುಂತಾದವು ಕಾಡಿನಿಂದ ಬಂದಿರಲಿ ಬಾರದಿರಲಿ ಅರಣ್ಯೋತ್ಪನ್ನಗಳೇ. ಎಲೆ, ಹಣ್ಣು, ಹುಲ್ಲು, ಬಳ್ಳಿ, ಜೇನು, ಮೇಣ, ಕಲ್ಲು, ಮಣ್ಣು ಮೊದಲಾದವಾದರೋ ಕಾಡಿನಲ್ಲಿ ದೊರೆತಾಗ ಅಥವಾ ಕಾಡಿನಿಂದ ತಂದಾಗ ಮಾತ್ರವೇ ಆ ಹೆಸರನ್ನು ಪಡೆಯುವುವು.

ಮೂರನೆಯದಾಗಿ, ವಸ್ತುವಿನ ರೂಪವನ್ನು ವಿಚಾರಿಸಬೇಕು. ಬಿದಿರನ್ನು ಸೀಳಿ ನೇಯ್ದ ಚಾಪೆಯು ಬಿದಿರೇ ಆಗುವುದೇ ಎಂಬ ಪ್ರಶ್ನೆಯು ಮಹಾರಾಷ್ಟ್ರದಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಚಾಪೆಯು ಮನುಷ್ಯನ ದುಡಿಮೆಯಿಂದಾದ ಬೇರೊಂದು ಸರಕಾದ್ದರಿಂದ ಅರಣ್ಯೋತ್ಪನ್ನವಲ್ಲವೆಂದು 1996ರಲ್ಲಿ ತೀರ್ಪಾಯಿತು. ಇದಕ್ಕೆ ಮೊದಲು, 1993ರಲ್ಲಿ, ಕೇರಳದ ಕಾಯಿದೆಗೆ ಸಂಬಂಧಿಸಿದಂತೆ ಶ್ರೀಗಂಧದ ಎಣ್ಣೆಯ ವಿಚಾರವು ಅದೇ ನ್ಯಾಯಾಲಯದ ಮುಂದೆ ಬಂದಿದ್ದಿತು. ಎಣ್ಣೆಯನ್ನು ತೆಗೆಯಲೂ ದುಡಿಮೆ ಬೇಕು. ಆದಾಗ್ಯೂ ಕಾಯಿದೆಯ ಪಟ್ಟಿಯಲ್ಲಿ ‘ಮರದ ಎಣ್ಣೆ’ ಎಂದು ಹೆಸರಿಸಿದ್ದ ಕಾರಣ ಅದು ಅರಣ್ಯೋತ್ಪನ್ನವೆಂದೇ ನಿರ್ಣಯವಾಯಿತು. ಪಟ್ಟಿಯಲ್ಲಿ ಚಾಪೆಯ ಹೆಸರಿರಲಿಲ್ಲ, ಎಣ್ಣೆಯ ಹೆಸರಿದ್ದಿತು. ಎರಡಕ್ಕೂ ಇರುವ ಅಂತರವನ್ನು ಇಲ್ಲಿ ಕಾಣಬಹುದು.

ನಾಲ್ಕನೆಯದು ಜಾತಿಯ ಹೆಸರು. ಹಳೆಯ ಮೈಸೂರು ಸೀಮೆಯಲ್ಲಿ ಶ್ರೀಗಂಧವು ಬಹುಕಾಲ ಸರ್ಕಾರದ ಸ್ವತ್ತಾಗಿದ್ದು, ಖಾಸಗಿ ಜಮೀನಿನಲ್ಲಿ ಹುಟ್ಟಿದ ಮರದ ಮೇಲೂ ಜಮೀನುದಾರನಿಗೆ ಒಡೆತನವಿರಲಿಲ್ಲ. ಆತನ ಪಾಲಿಗೆ ಆ ಮರವು ಲಾಭಕ್ಕಿಂತ ಹೊಣೆಯೇ ಆಗಿದ್ದಿತು. 2001ರ ತಿದ್ದುಪಡಿಯು ಜಮೀನಿನಲ್ಲಿರುವ ಗಂಧದ ಮರಕ್ಕೆ ಹಿಡುವಳಿದಾರನೇ ಹಕ್ಕುದಾರನೆಂದು ಸಾರಿತು. ಆದರೆ ಒಡೆತನ ಬಂದ ಮಾತ್ರಕ್ಕೆ ಕಡಿಯುವ ಸ್ವಾತಂತ್ರ್ಯವು ಬಂದಂತಾಗಲಿಲ್ಲ. ಕಟಾವಿಗೂ ಸಾಗಾಟಕ್ಕೂ ಅನುಮತಿ ಪಡೆಯುವ ವಿಧಿಗಳು ಜೊತೆಯಲ್ಲಿಯೇ ಉಳಿದುವು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಲ್ಲಿಯೂ ಜಾತಿಯ ಹೆಸರಿಗೆ ಹೀಗೆಯೇ ಮಹತ್ವವಿದೆ. ಮರ ಕಡಿಯಲು ಮುಂಚಿತವಾಗಿ ಅನುಮತಿ ಬೇಕೆಂದು ವಿಧಿಸಿದ ಆ ಕಾಯಿದೆಯು, ತೆಂಗು, ಸರ್ವೆ, ನೀಲಗಿರಿ, ಸಿಲ್ವರ್ ಓಕ್, ರಬ್ಬರ್ ಮುಂತಾದ ಕೆಲವನ್ನು ಹೆಸರಿಸಿ ವಿನಾಯಿತಿ ಕೊಟ್ಟಿತು.

ಕೆಲವು ವೇಳೆ ಒಂದೇ ಜಾತಿಯನ್ನು ಹೆಸರಿಸುವುದು ಸಾಲದೆ ಇಡೀ ಕುಲವನ್ನೇ ಹೆಸರಿಸಬೇಕಾಗುವುದು. ಬೀಟೆಯೂ ಅದರ ಸಂಬಂಧಿಯಾದ ಶೀಶಮೂ ಸೇರಿದ ಡಾಲ್ಬರ್ಜಿಯ ಎಂಬ ಕುಲದ ಮರಗಳನ್ನು ಕೊಯ್ದು ಹಲಗೆ ಮಾಡಿದ ಮೇಲೆ ಅವುಗಳ ಜಾತಿಯನ್ನು ಗುರುತಿಸುವುದು ಕಷ್ಟ. ಆದ್ದರಿಂದ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸಂಬಂಧಿಸಿದ ‘ಸೈಟಿಸ್’ ಒಪ್ಪಂದದಲ್ಲಿ 2017ರ ಜನವರಿಯಿಂದ ಆ ಕುಲವನ್ನೆಲ್ಲ ನಿಯಂತ್ರಣಕ್ಕೆ ಒಳಪಡಿಸಲಾಯಿತು. ಇದರಿಂದ ರೈತರ ಜಮೀನಿನಲ್ಲಿ ಬೆಳೆಯುವ ಶೀಶಮಿನ ಕರಕುಶಲ ವಸ್ತುಗಳ ರಫ್ತಿಗೂ ತೊಡಕುಂಟಾಗಿ, 2022ರಲ್ಲಿ ಹಗುರವಾದ ಸಿದ್ಧವಸ್ತುಗಳಿಗೆ ಸಡಿಲಿಕೆ ದೊರೆಯಿತು.

ಮೀನಿನ ವಿಚಾರದಲ್ಲಿಯೂ ಇದೇ ನ್ಯಾಯವನ್ನು ಕಾಣಬಹುದು. ‘ಮೀನು’ ಎಂಬಲ್ಲಿ ಚಿಪ್ಪಿನ ಜಲಚರಗಳೂ ಸೇರುವುವೆಂದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯು ಹೇಳಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ 2001ರ ಮೇ ತಿಂಗಳಲ್ಲಿ ತಿಮಿಂಗಿಲ ಶಾರ್ಕನ್ನು ಸೇರಿಸಲಾಯಿತು. ಅದೇ ಜುಲೈಯಲ್ಲಿ, ಕರಾವಳಿಯವರು ತಾಟೆಯೆನ್ನುವ ಶಾರ್ಕುಗಳನ್ನೂ ತೊರಕೆಗಳನ್ನೂ ಒಂದೂ ಬಿಡದೆ ಸೇರಿಸಿದರು. ಬಲೆಯು ಜಾತಿಯನ್ನು ಆರಿಸಿ ಹಿಡಿಯುವುದಿಲ್ಲವಾದ್ದರಿಂದ ನಿತ್ಯದ ಮೀನುಗಾರಿಕೆಯೇ ಅಪರಾಧವಾಗುವ ಸಂಭವವೊದಗಿತು. ಮೀನುಗಾರರ ಆಕ್ಷೇಪಣೆಗಳ ತರುವಾಯ ಡಿಸೆಂಬರಿನಲ್ಲಿ ಆ ಪಟ್ಟಿಯನ್ನು ಹತ್ತು ಜಾತಿಗಳಿಗೆ ಇಳಿಸಲಾಯಿತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಪಟ್ಟಿಯು ಮತ್ತೆ ವಿಸ್ತಾರವಾಗಿದೆ.

ಇಲ್ಲಿಯೂ ಗುರುತಿಸುವ ತೊಂದರೆಯುಂಟು. ಈಜುರೆಕ್ಕೆಯನ್ನು ಮಾತ್ರ ಕತ್ತರಿಸಿ ತಂದರೆ ಅದು ಯಾವ ಜಾತಿಯದೆಂದು ಹೇಳುವುದು ಕಷ್ಟ. ಆದಕಾರಣ ಶಾರ್ಕನ್ನು ರೆಕ್ಕೆಸಹಿತವಾಗಿಯೇ ದಡಕ್ಕೆ ತರಬೇಕೆಂದು 2013ರಲ್ಲಿ ಗೊತ್ತುಮಾಡಿ, 2015ರಲ್ಲಿ ಶಾರ್ಕಿನ ರೆಕ್ಕೆಗಳ ರಫ್ತನ್ನೇ ನಿಷೇಧಿಸಲಾಯಿತು.

ಮೇಲ್ಕಂಡ ಸಂಗತಿಗಳಿಂದ ತಿಳಿದುಬರುವುದೇನೆಂದರೆ, ಮರಕ್ಕೆ ಕೊಡಲಿ ಹಾಕುವುದಕ್ಕೆ ಮುಂಚೆ ನಾಲ್ಕು ಪ್ರಶ್ನೆಗಳನ್ನು ವಿಚಾರಿಸಿಕೊಳ್ಳಬೇಕು: ಕಾಯಿದೆಯಲ್ಲಿ ಈ ಜಾತಿಯ ಹೆಸರಿದೆಯೇ? ಇದು ಬೆಳೆದ ನೆಲವು ಅರಣ್ಯವೋ ಹಿಡುವಳಿಯೋ? ಸಾಗಿಸುವುದು ದಿಮ್ಮಿಯೋ, ಸಿದ್ಧವಸ್ತುವೋ? ಈ ವ್ಯಾಖ್ಯೆಗೆ ಈಚೆಗೆ ತಿದ್ದುಪಡಿಯಾಗಿದೆಯೇ? ಇವುಗಳಿಗೆ ವಲಯ ಅರಣ್ಯಾಧಿಕಾರಿಯ ಕಚೇರಿಯಿಂದ ಬರವಣಿಗೆಯಲ್ಲಿ ಉತ್ತರ ಪಡೆದು, ಪಹಣಿಯ ನಕಲಿನೊಡನೆ ಇಟ್ಟುಕೊಳ್ಳುವುದು ಕ್ಷೇಮ. ಗಿಡ ನೆಡುವಾಗಲೇ ಅದರ ಜಾತಿಯನ್ನೂ ಸಂಖ್ಯೆಯನ್ನೂ ಪಹಣಿಯಲ್ಲಿ ಬರೆಯಿಸಿದ್ದಲ್ಲಿ, ಕಟಾವಿನ ಕಾಲಕ್ಕೆ ಅದು ತನ್ನದೆಂದು ರುಜುವಾತುಪಡಿಸುವ ಶ್ರಮವು ಬಹುಮಟ್ಟಿಗೆ ತಪ್ಪುವುದು.