ರೋಹಿಣಿ ಮಳೆಗೆ ಮುನ್ನ ಧಾರವಾಡದ ಕೃಷಿ ಆವರಣ

ಬೇಸಿಗೆಯಲ್ಲಿ ಪಾಠಪ್ರವಚನಗಳು ವಿರಳವಾದರೂ ಕೃಷಿ ಮಹಾವಿದ್ಯಾಲಯಕ್ಕೆ ಬಿಡುವೆಂಬುದು ಇರುವುದಿಲ್ಲ. ಮೇ ತಿಂಗಳ ಕೊನೆಗೆ ಕೂಡುವ ರೋಹಿಣಿ ಮಳೆಗೆ ಹೆಸರನ್ನೂ, ಜೂನ್ ಎರಡನೆಯ ವಾರದ ಮೃಗಶಿರಕ್ಕೆ ಸೋಯಾ ಅವರೆ, ಶೇಂಗಾಗಳನ್ನೂ ಬಿತ್ತುವ ಉತ್ತರ ಕರ್ನಾಟಕದ ರೈತನಿಗೆ ಆ ಹೊತ್ತಿಗೆ ಬೀಜ ಕೈಯಲ್ಲಿರಬೇಕು. ಧಾರವಾಡದ ಕೃಷಿ ಮಹಾವಿದ್ಯಾಲಯ 1947ರಲ್ಲಿ ಆರಂಭವಾಯಿತು. 1986ರ ಅಕ್ಟೋಬರ್ 1ರಂದು ಅದನ್ನು ಒಳಗೊಂಡು ರೂಪುಗೊಂಡ ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಇಂದು ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳಿವೆ. ಇಷ್ಟು ವಿಸ್ತಾರವಾದ ನಾಡಿನ ಬೇಸಾಯಗಾರರು ಈ ಆವರಣದಿಂದ ಬೇಸಿಗೆಯಲ್ಲಿ ಎದುರುನೋಡುವ ಮುಖ್ಯ ಸುದ್ದಿಯೆಂದರೆ ಯಾವ ತಳಿಯ ಬೀಜ ಸಿಗುತ್ತದೆ, ಎಂದಿನಿಂದ ಸಿಗುತ್ತದೆ ಎಂಬುದೇ.

ಆ ಬೀಜ ಚೀಲಕ್ಕೆ ಸೇರುವ ಮುನ್ನ ಹಲವು ಹಂತಗಳನ್ನು ದಾಟಿ ಬಂದಿರುತ್ತದೆ. ತಳಿಯನ್ನು ರೂಪಿಸಿದ ವಿಜ್ಞಾನಿಯ ಮೇಲ್ವಿಚಾರಣೆಯಲ್ಲೇ ಬೆಳೆದದ್ದು ತಳಿವರ್ಧಕ ಬೀಜ. ಅದಕ್ಕೆ ಹೊಂಬಣ್ಣದ ಚೀಟಿ. ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ ಚೀಟಿ, ಮೂಲ ಬೀಜದಿಂದ ಬೆಳೆದು ಪ್ರಮಾಣನ ಸಂಸ್ಥೆಯ ತಪಾಸಣೆಯಲ್ಲಿ ಗೆದ್ದ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಉತ್ಪಾದಕರೇ ಗುಣಮಟ್ಟಕ್ಕೆ ಹೊಣೆ ಹೊತ್ತು ಮಾರುವ ನಿಜಚೀಟಿ ಬೀಜಕ್ಕೆ ಹಸಿರು ಚೀಟಿ. ಚೀಟಿಯ ಬಣ್ಣವನ್ನು ಗುರುತಿಸಬಲ್ಲ ರೈತ ಸುಲಭವಾಗಿ ಮೋಸಹೋಗಲಾರ, ಆದ್ದರಿಂದ ಈ ತಿಳಿವಳಿಕೆ ಹಳ್ಳಿಹಳ್ಳಿಗೂ ತಲುಪಬೇಕಾದದ್ದು.

ಬೀಜ ಪರೀಕ್ಷೆಯ ಪ್ರಯೋಗಾಲಯಗಳಲ್ಲಿ ಕೆಲಸ ತೀವ್ರವಾಗುವುದೂ ಈ ಕಾಲದಲ್ಲೇ. ಒಂದೊಂದು ರಾಶಿಯಿಂದ ಸಾಮಾನ್ಯವಾಗಿ 400 ಕಾಳುಗಳನ್ನು ನೂರರ ಗುಂಪುಗಳಾಗಿ ಎಣಿಸಿ, ತೇವದ ಕಾಗದದಲ್ಲಿ ಸುತ್ತಿಟ್ಟು, ಆರೋಗ್ಯವಂತ ಸಸಿಗಳು ಎಷ್ಟು ಹುಟ್ಟಿದವೆಂದು ಲೆಕ್ಕ ಹಾಕಲಾಗುತ್ತದೆ. ಹೆಸರಿಗೆ ಶೇಕಡಾ 75, ಸೋಯಾ ಅವರೆ ಮತ್ತು ಶೇಂಗಾಕ್ಕೆ ಶೇಕಡಾ 70 ಮೊಳಕೆ ಇರಲೇಬೇಕು. ಸೋಯಾ ಅವರೆಗೆ ಈ ಮಿತಿ ಕಡಿಮೆಯಾಗಿರುವುದು ಉದಾಸೀನದಿಂದಲ್ಲ. ಅದರ ಸಿಪ್ಪೆ ಬಹಳ ತೆಳು, ಬೇರಾಗುವ ಮೊಳಕೆಯ ಭಾಗ ಸಿಪ್ಪೆಯ ಅಡಿಯಲ್ಲೇ ಇರುತ್ತದೆ, ಹೀಗಾಗಿ ಚೀಲವನ್ನು ಲಾರಿಯಿಂದ ಎತ್ತಿ ಒಗೆದರೂ ಸಾಕು, ಹೊರಗೆ ಏನೂ ಕಾಣಿಸದಿದ್ದರೂ ಒಳಗಿನ ಜೀವ ಕುಂದುತ್ತದೆ. ಬೀಜ ಕೊಂಡ ಮೇಲೂ ಮನೆಯಲ್ಲಿ ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಮೊಳಕೆ ನೋಡಿಯೇ ಬಿತ್ತಬೇಕೆಂದು ವಿಜ್ಞಾನಿಗಳು ಹೇಳುವುದು ಇದಕ್ಕಾಗಿಯೇ. ಶೇಂಗಾದ ಸಮಸ್ಯೆ ಬೇರೆಯದು. ಮುಂಗಾರಿನಲ್ಲಿ ಬೆಳೆದ ಕಾಯಿ ಮುಂದಿನ ಮುಂಗಾರಿನವರೆಗೆ ಎಂಟೊಂಬತ್ತು ತಿಂಗಳು ಕಾಯುವಷ್ಟರಲ್ಲಿ ಮೊಳೆಯುವ ಶಕ್ತಿಯನ್ನು ಬಹುಪಾಲು ಕಳೆದುಕೊಳ್ಳುವುದರಿಂದ, ನೀರಾವರಿಯಲ್ಲಿ ಬೇಸಿಗೆ ಶೇಂಗಾ ಬೆಳೆದು ಅದನ್ನೇ ಬೀಜಕ್ಕೆ ಬಳಸುವುದು ಲೇಸು. ಕಾಯಿಯನ್ನು ಬಿತ್ತನೆಯ ಹೊತ್ತಿಗಷ್ಟೇ ಸುಲಿಯಬೇಕು.

ಮುಂಗಾರು ಹತ್ತಿರವಾದಾಗ ನಡೆಯುವ ಬೀಜ ಮೇಳದಲ್ಲಿ ಈ ಶ್ರಮವೆಲ್ಲ ಜನರ ಮುಂದೆ ಬರುತ್ತದೆ. ಬೆಳಗಾವಿ, ಧಾರವಾಡದ ಹೊಲಗಳನ್ನು ಕಾಡಿದ ತುಕ್ಕು ರೋಗವನ್ನು ತಡೆದುಕೊಳ್ಳುವ ಡಿಎಸ್‌ಬಿ-21 ಸೋಯಾ ತಳಿ, ತುಕ್ಕಿನ ಜೊತೆಗೆ ಎಲೆಚುಕ್ಕೆಯನ್ನೂ ತಾಳುವ ಜಿಪಿಬಿಡಿ-4 ಶೇಂಗಾ, ಡಿಜಿಜಿವಿ-2 ಹೆಸರು ಇವೆಲ್ಲ ಇಲ್ಲಿಯೇ ರೂಪುಗೊಂಡವು. ಇದೇ ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ಎರಡು ಬೇರೆ ಪ್ರಭೇದದ ಹತ್ತಿಗಳನ್ನು ಕೂಡಿಸಿ ರೂಪಿಸಿದ ವರಲಕ್ಷ್ಮಿ ಸಂಕರಣ ತಳಿ 1972ರಲ್ಲಿ ಬಿಡುಗಡೆಯಾಗಿ ದೇಶದ ಹತ್ತಿ ಬೇಸಾಯದ ದಿಕ್ಕನ್ನೇ ಬದಲಿಸಿತ್ತು. ಆದರೆ ಸಂಕರಣ ಬೀಜವನ್ನು ಪ್ರತಿವರ್ಷ ಹೊಸದಾಗಿ ಕೊಳ್ಳಬೇಕಾಗುತ್ತದೆ, ಸ್ವಕೀಯ ಪರಾಗಸ್ಪರ್ಶದ ಹೆಸರು, ಸೋಯಾ, ಶೇಂಗಾಗಳನ್ನು ರೈತ ತಾನೇ ಎರಡು ಮೂರು ವರ್ಷ ಬೀಜಕ್ಕೆ ಉಳಿಸಿಕೊಳ್ಳಬಹುದು. ಹೆಸರು ಒಂದು ಹಂಗಾಮಿನಲ್ಲಿ ಸುಮಾರು ನಲವತ್ತು ಪಟ್ಟು ಹೆಚ್ಚಿದರೆ ಶೇಂಗಾ ಹೆಚ್ಚುವುದು ಎಂಟು ಪಟ್ಟಿನಷ್ಟು ಮಾತ್ರ. ಒಳ್ಳೆಯ ಶೇಂಗಾ ತಳಿ ಊರೂರಿಗೆ ಹಬ್ಬುವುದು ನಿಧಾನವಾಗುವುದಕ್ಕೆ ಇದೂ ಕಾರಣ. ಹಾಗಾಗಿ ಮೇಳದಲ್ಲಿ ಒಂದೇ ಚೀಲ ಕೊಂಡು ಹೋಗಿ ನೆರೆಯವರಿಗೂ ಹಂಚುವ ರೈತನ ಪಾತ್ರ ವಿಜ್ಞಾನಿಯ ಪಾತ್ರಕ್ಕಿಂತ ಕಿರಿದೆಂದು ಹೇಳಲಾಗದು. ಬೀಜದೊಂದಿಗೆ ರೈಜೋಬಿಯಂ ಪೊಟ್ಟಣವನ್ನೂ ಒಯ್ಯುವವರಿದ್ದಾರೆ. ದ್ವಿದಳ ಬೆಳೆಯ ಬೇರುಗಂಟಿನಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಈ ಅಣುಜೀವಿಯನ್ನು ಬೀಜಕ್ಕೆ ಲೇಪಿಸಿದ ಮೇಲೆ ನೆರಳಿನಲ್ಲೇ ಒಣಗಿಸಬೇಕು, ಬಿಸಿಲಿಗೆ ಅದು ಸಾಯುತ್ತದೆ.

ಪ್ರವೇಶದ ಕಾಲ ಕೂಡಿಬಂದಂತೆ ಕೃಷಿ ಕಾಲೇಜುಗಳಲ್ಲಿ ಮತ್ತೊಂದು ಬಗೆಯ ಚಟುವಟಿಕೆಯೂ ಕಾಣಿಸುತ್ತದೆ. ರಾಜ್ಯದ ಕೃಷಿ ಪದವಿಗಳಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸೀಟುಗಳಿಗೆ ಪ್ರಾಯೋಗಿಕ ಪರೀಕ್ಷೆಯಿದ್ದು, ಬೀಜ, ಕಳೆ, ಕೀಟ, ಬೇಸಾಯದ ಸಲಕರಣೆಗಳನ್ನು ನೋಡಿ ಗುರುತಿಸಬೇಕಾಗುತ್ತದೆ. ಕೂರಿಗೆ, ಕುಂಟೆ, ಎಡೆಕುಂಟೆಗಳ ನಡುವೆ ಬೆಳೆದ ಹುಡುಗ ಹುಡುಗಿಯರ ಅನುಭವವನ್ನು ಅರ್ಹತೆಯೆಂದು ಎಣಿಸುವ ಈ ಏರ್ಪಾಡು ನಿಜಕ್ಕೂ ನ್ಯಾಯವಾದದ್ದು. ಹೀಗೆ ಸೇರಿದವರೇ ನಾಲ್ಕನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವವೆಂಬ ಪಠ್ಯದ ಭಾಗವಾಗಿ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿ, ಪ್ರಯೋಗಾಲಯದಲ್ಲಿ ತಾವು ಎಣಿಸಿದ ಕಾಳು ಹೊಲದಲ್ಲಿ ಹೇಗೆ ಬೆಳೆಯುತ್ತದೆಂಬುದನ್ನು ರೈತ ಕುಟುಂಬಗಳ ಜೊತೆಗೂಡಿ ಕಲಿಯುತ್ತಾರೆ.