ಸದ್ಗುಣವಿಲ್ಲದ ಸ್ವಾತಂತ್ರ್ಯ ಉಳಿದೀತೆ?

ಸ್ವಾತಂತ್ರ್ಯ ಬೇರೆ, ಸ್ವೇಚ್ಛಾಚಾರ ಬೇರೆ ಎಂಬ ಮಾತು ನಮಗೆ ಹೊಸದಲ್ಲ. ಈ ವ್ಯತ್ಯಾಸದ ಬಗ್ಗೆ ಬಹಳವಾಗಿ ತಲೆ ಕೆಡಿಸಿಕೊಂಡವರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಕಟ್ಟಿದ ತಲೆಮಾರಿನವರೂ ಸೇರುತ್ತಾರೆ. 1776ರಲ್ಲಿ ಬ್ರಿಟಿಷ್ ದೊರೆಯ ಆಳ್ವಿಕೆಯನ್ನು ಧಿಕ್ಕರಿಸಿದ ಅವರನ್ನು ಒಂದು ಪ್ರಶ್ನೆ ಕಾಡುತ್ತಿತ್ತು: ದೊರೆಯ ಭಯ ಹೋದ ಮೇಲೆ ಜನರನ್ನು ಹದ್ದುಬಸ್ತಿನಲ್ಲಿಡುವುದು ಯಾವುದು?

ಪ್ರಶ್ನೆ ಅದಕ್ಕಿಂತ ಹಳೆಯದು. 1645ರಲ್ಲೇ ಮ್ಯಾಸಚೂಸೆಟ್ಸ್ ವಸಾಹತಿನ ಮುಖಂಡ ಜಾನ್ ವಿನ್‌ತ್ರಾಪ್ ಸ್ವಾತಂತ್ರ್ಯವನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು. ಮನಸ್ಸಿಗೆ ಬಂದದ್ದನ್ನು ಮಾಡುವ ಸ್ವಾತಂತ್ರ್ಯ ಪಶುಗಳಿಗೂ ಉಂಟು. ನ್ಯಾಯವಾದುದನ್ನು, ಒಳ್ಳೆಯದನ್ನು ಮಾಡುವ ಸ್ವಾತಂತ್ರ್ಯವೇ ನಾಗರಿಕರಿಗೆ ತಕ್ಕದ್ದು ಎಂಬುದು ಅವರ ವಾದ. ಆದರೆ ಒಳ್ಳೆಯದು ಯಾವುದೆಂದು ತೀರ್ಮಾನಿಸುವವರು ಯಾರು? ಮನಸ್ಸಾಕ್ಷಿಯ ವಿಷಯದಲ್ಲಿ ಸರ್ಕಾರ ಕೈಹಾಕಕೂಡದೆಂದ ಪಾದ್ರಿ ರೋಜರ್ ವಿಲಿಯಮ್ಸ್ ಅವರಿಗೆ ಇದೇ ವಸಾಹತು 1635ರಲ್ಲಿ ಗಡೀಪಾರು ಶಿಕ್ಷೆ ವಿಧಿಸಿತ್ತು.

ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಅಮೆರಿಕದ ನಾಯಕರು ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಅವರನ್ನು ಆಸಕ್ತಿಯಿಂದ ಓದುತ್ತಿದ್ದರು. ನಿರಂಕುಶ ಆಡಳಿತ ಭಯದ ಮೇಲೆ, ರಾಜಪ್ರಭುತ್ವ ಗೌರವದ ಮೇಲೆ, ಗಣರಾಜ್ಯ ಸದ್ಗುಣದ ಮೇಲೆ ನಿಲ್ಲುತ್ತದೆ ಎಂದು 1748ರಲ್ಲಿ ಅವರು ಪ್ರತಿಪಾದಿಸಿದ್ದರು. ಇಲ್ಲಿ ಸದ್ಗುಣವೆಂದರೆ ಬರೀ ವೈಯಕ್ತಿಕ ಶೀಲವಲ್ಲ. ಸ್ವಂತ ಲಾಭಕ್ಕಿಂತ ಸಾರ್ವಜನಿಕ ಹಿತವನ್ನು ಮುಂದಿಡುವ ಗುಣ. 1783ರ ಡಿಸೆಂಬರ್‌ನಲ್ಲಿ ಯುದ್ಧ ಗೆದ್ದ ಸೇನಾನಿ ಜಾರ್ಜ್ ವಾಷಿಂಗ್ಟನ್ ಅಧಿಕಾರವನ್ನು ಕಾಂಗ್ರೆಸ್ಸಿಗೆ ಒಪ್ಪಿಸಿ ಮನೆಗೆ ಹೊರಟಾಗ, ಜನ ಆ ಗುಣವನ್ನು ಕಣ್ಣಾರೆ ಕಂಡಂತಾಯಿತು.

ಇಷ್ಟರ ಮಟ್ಟಿಗೆ ಭಿನ್ನಾಭಿಪ್ರಾಯ ಕಡಿಮೆ. ಜನ ಭ್ರಷ್ಟರಾದಷ್ಟೂ ಅವರಿಗೆ ಯಜಮಾನರ ಅಗತ್ಯ ಹೆಚ್ಚುತ್ತದೆ ಎಂದು ಬೆಂಜಮಿನ್ ಫ್ರಾಂಕ್ಲಿನ್ 1787ರಲ್ಲಿ ಪತ್ರವೊಂದರಲ್ಲಿ ಬರೆದರು. ನೀತಿವಂತರಲ್ಲದ ಜನರನ್ನು ಆಳಲು ಅಮೆರಿಕದ ಸಂವಿಧಾನ ಏನೇನೂ ಸಾಲದು ಎಂದು ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ 1798ರಲ್ಲಿ ಎಚ್ಚರಿಸಿದರು. ನಿಜವಾದ ಜಗಳವಿದ್ದುದು ಈ ಸದ್ಗುಣವನ್ನು ಬೆಳೆಸುವವರು ಯಾರು ಎಂಬುದರಲ್ಲಿ.

ಅದು ಸರ್ಕಾರದ ಹೊಣೆ ಎಂದಿತು ಮ್ಯಾಸಚೂಸೆಟ್ಸ್. ಆಡಮ್ಸ್ ಕರಡು ರೂಪಿಸಿದ ಆ ರಾಜ್ಯದ 1780ರ ಸಂವಿಧಾನಕ್ಕೆ ಸೇರಿದ ವಿಧಿಯೊಂದು, ಧರ್ಮ ಮತ್ತು ನೀತಿ ಬೋಧಿಸುವ ಪ್ರಾಟೆಸ್ಟಂಟ್ ಬೋಧಕರನ್ನು ಊರಿನವರೇ ಸಾಕಬೇಕೆಂದು ವಿಧಿಸಿತು. ಈ ಪದ್ಧತಿ 1833ರವರೆಗೂ ಉಳಿಯಿತು.

ವರ್ಜೀನಿಯ ಬೇರೆ ದಾರಿ ಹಿಡಿಯಿತು. ಜನರ ನಡತೆ ತಿದ್ದಲು ಕ್ರೈಸ್ತ ಬೋಧಕರಿಗಾಗಿ ತೆರಿಗೆ ಎತ್ತಬೇಕೆಂಬ ಮಸೂದೆಯನ್ನು 1784ರಲ್ಲಿ ಪ್ಯಾಟ್ರಿಕ್ ಹೆನ್ರಿ ಬೆಂಬಲಿಸಿದರು. ಮರುವರ್ಷ ಜೇಮ್ಸ್ ಮ್ಯಾಡಿಸನ್ ಅದರ ವಿರುದ್ಧ ಮನವಿಪತ್ರ ಬರೆದರು. ಪರವಾನಗಿ ಇಲ್ಲದೆ ಉಪದೇಶ ಮಾಡಿದ್ದಕ್ಕಾಗಿ ಹಿಂದೆ ಜೈಲು ಕಂಡಿದ್ದ ಬ್ಯಾಪ್ಟಿಸ್ಟರೂ ಮಸೂದೆಯನ್ನು ವಿರೋಧಿಸಿದರು. ಮಸೂದೆ ಬಿತ್ತು. 1786ರ ಜನವರಿಯಲ್ಲಿ ಥಾಮಸ್ ಜೆಫರ್‌ಸನ್ ರಚಿಸಿದ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಜಾರಿಗೆ ಬಂತು. ಸದ್ಗುಣ ಬೇಡವೆಂದು ಇವರಾರೂ ಹೇಳಲಿಲ್ಲ. ಬಲವಂತದಿಂದ ಹುಟ್ಟುವುದು ಸದ್ಗುಣವಲ್ಲ, ಕಪಟ ಎಂಬುದು ಅವರ ನಿಲುವು.

ಆದರೆ ಜನರ ಒಳ್ಳೆಯತನವೊಂದನ್ನೇ ನೆಚ್ಚಿ ಕೂರುವುದೂ ಮ್ಯಾಡಿಸನ್ ಅವರಿಗೆ ಒಪ್ಪಿಗೆಯಿರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವ ಅಪಾಯವನ್ನು ಅವರು ಬಲ್ಲರು. ಮನುಷ್ಯರು ದೇವತೆಗಳಲ್ಲವಾದ್ದರಿಂದ, ಅಧಿಕಾರವನ್ನು ಹಂಚಿ ಒಂದು ಅಂಗ ಇನ್ನೊಂದಕ್ಕೆ ಕಾವಲಿರುವಂತೆ ಮಾಡಬೇಕೆಂದು 1788ರ ಲೇಖನವೊಂದರಲ್ಲಿ ವಿವರಿಸಿದರು. ಅದೇ ವರ್ಷ ಜೂನ್‌ನಲ್ಲಿ ವರ್ಜೀನಿಯದ ಸಮ್ಮೇಳನದಲ್ಲಿ ಮಾತನಾಡುತ್ತ, ಜನರಲ್ಲಿ ಸದ್ಗುಣವೇ ಇಲ್ಲದಿದ್ದರೆ ಯಾವ ಸರ್ಕಾರದ ವ್ಯವಸ್ಥೆಯೂ ಸ್ವಾತಂತ್ರ್ಯವನ್ನು ಉಳಿಸಲಾರದು ಎಂದೂ ಹೇಳಿದರು. ಕಾವಲೂ ಬೇಕು, ಕಾಯುವವರಲ್ಲಿ ಗುಣವೂ ಬೇಕು ಎಂಬುದು ಇದರ ಸಾರ.

ಈ ವಿಚಾರವಂತರ ಸದ್ಗುಣಕ್ಕೆ ನಿಜವಾದ ಪರೀಕ್ಷೆ ಎದುರಾದದ್ದು ಅವರ ಸ್ವಂತ ಹೊಲಗಳಲ್ಲಿ. ಮ್ಯಾಡಿಸನ್, ವಾಷಿಂಗ್ಟನ್, ಜೆಫರ್‌ಸನ್ ಮೂವರೂ ಗುಲಾಮರ ಒಡೆಯರು. ಗುಲಾಮಗಿರಿ ಒಡೆಯನ ನಡತೆಯನ್ನೂ ಕೆಡಿಸುತ್ತದೆ, ಅದನ್ನು ನೋಡುತ್ತ ಬೆಳೆಯುವ ಮಕ್ಕಳು ದಬ್ಬಾಳಿಕೆ ಕಲಿಯುತ್ತಾರೆ ಎಂದು ಜೆಫರ್‌ಸನ್ ವರ್ಜೀನಿಯವನ್ನು ಕುರಿತ ತಮ್ಮ ಗ್ರಂಥದಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಜೀವಮಾನದಲ್ಲಿ ಅವರ ಒಡೆತನದಲ್ಲಿದ್ದ 600ಕ್ಕೂ ಹೆಚ್ಚು ಮಂದಿಯ ಪೈಕಿ ಬಿಡುಗಡೆ ಕಂಡವರು ಬೆರಳೆಣಿಕೆಯಷ್ಟು. ವಾಷಿಂಗ್ಟನ್ ತಮಗೆ ಸೇರಿದ ಗುಲಾಮರ ಬಿಡುಗಡೆಗೆ 1799ರ ಉಯಿಲಿನಲ್ಲಿ ವ್ಯವಸ್ಥೆ ಮಾಡಿದರು. 1790ರ ಜನಗಣತಿಯಂತೆ ದೇಶದ ಸುಮಾರು 39 ಲಕ್ಷ ಜನರಲ್ಲಿ ಹತ್ತಿರಹತ್ತಿರ 7 ಲಕ್ಷ ಮಂದಿ ಗುಲಾಮರಾಗಿದ್ದರು.

ಆ ಮಾತುಗಳನ್ನು ಅಕ್ಷರಶಃ ನಂಬಿದವರೂ ಇದ್ದರು. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಳಾಗಿದ್ದ, ಓದುಬರಹ ಬಾರದ ಎಲಿಜಬೆತ್ ಫ್ರೀಮನ್, ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಸಮಾನರು ಎಂದು 1780ರ ಸಂವಿಧಾನ ಸಾರಿದ ಮೇಲೆ ಅದು ತನಗೂ ಅನ್ವಯಿಸಬೇಕೆಂದು ವಕೀಲರ ಮೊರೆಹೊಕ್ಕಳು. 1781ರಲ್ಲಿ ನ್ಯಾಯಾಲಯದಲ್ಲಿ ಗೆದ್ದು ಸ್ವತಂತ್ರಳಾದಳು. ಎರಡು ವರ್ಷಗಳ ನಂತರ ಇನ್ನೊಂದು ಮೊಕದ್ದಮೆಯಲ್ಲಿ, ಗುಲಾಮಗಿರಿಗೂ ಈ ಸಂವಿಧಾನಕ್ಕೂ ಹೊಂದಿಕೆಯಾಗದು ಎಂದು ಆ ರಾಜ್ಯದ ಮುಖ್ಯ ನ್ಯಾಯಾಧೀಶರು ಅಭಿಪ್ರಾಯಪಟ್ಟರು.

ಇಡೀ ದೇಶ ಆ ಮಾತನ್ನು ಒಪ್ಪಲು ಅಂತರ್ಯುದ್ಧವೇ ನಡೆಯಬೇಕಾಯಿತು. ಗುಲಾಮಗಿರಿಯನ್ನು ರದ್ದುಪಡಿಸಿದ 13ನೇ ತಿದ್ದುಪಡಿ ಬಂದದ್ದು 1865ರಲ್ಲಿ. ಸದ್ಗುಣವಿಲ್ಲದೆ ಸ್ವಾತಂತ್ರ್ಯ ಉಳಿಯದು ಎಂದು ರಾಷ್ಟ್ರ ಕಟ್ಟಿದವರು ಹೇಳಿದ್ದು ಸರಿಯೇ. ತಮಗೆ ಬೇಕಾದ ಸ್ವಾತಂತ್ರ್ಯವನ್ನು ಇನ್ನೊಬ್ಬರಿಗೂ ಸಲ್ಲಿಸುವುದೇ ಆ ಸದ್ಗುಣದ ಮೊದಲ ಪಾಠ ಎಂಬುದನ್ನು ಅವರಿಗೆ ತೋರಿಸಿಕೊಟ್ಟವಳು ಎಲಿಜಬೆತ್ ಫ್ರೀಮನ್.